ಅಪ್ಪ-ಅಮ್ಮನ ಕೋಣೆಯ ಏರ್ ಪ್ಯೂರಿಫೈಯರ್: ಕೆಲವು ವರ್ಷ ಬಳಸಿದ ಮೇಲೆ ಅನಿಸಿದ್ದು

ಏರ್ ಪ್ಯೂರಿಫೈಯರ್ ಬಗ್ಗೆ ಓದಲು ಸಿಗುವ ವಿಮರ್ಶೆಗಳಲ್ಲಿ ಹೆಚ್ಚಿನವು ಸೀನು, ಅಲರ್ಜಿ, ಮಕ್ಕಳ ಆಸ್ತಮಾ ಇವುಗಳ ಸುತ್ತಲೇ ಇರುತ್ತವೆ. ನಾವು ಕೊಂಡಿದ್ದು ಹೃದಯಕ್ಕಾಗಿ. ಅಪ್ಪನಿಗೆ ಎಪ್ಪತ್ತು ದಾಟಿದೆ, ಸ್ಟೆಂಟ್ ಹಾಕಿಸಿಕೊಂಡಿದ್ದಾರೆ. ಅಮ್ಮನಿಗೆ ಬಿಪಿ ಇದೆ. ಇಬ್ಬರೂ ಮಲಗುವ ಕೋಣೆಯಲ್ಲಿ ಈ ಯಂತ್ರ ಕೆಲವು ವರ್ಷಗಳಿಂದ ಓಡುತ್ತಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಧಾರಾಳವಾಗಿ ಕೊಳ್ಳಿ. ಆದರೆ ರಾತ್ರಿಯಿಡೀ ಓಡುತ್ತಿದ್ದರೂ ಹಿರಿಯರು ಎದ್ದು ಹೋಗಿ ಆಫ್ ಮಾಡದಂಥ ಯಂತ್ರವನ್ನೇ ಕೊಳ್ಳಿ. ಈ ಒಂದು ಗುಣದ ಮುಂದೆ ಡಬ್ಬದ ಮೇಲೆ ಬರೆದಿರುವ ಉಳಿದದ್ದೆಲ್ಲ ಚಿಕ್ಕದು.

ಗಾಳಿಗೂ ಹೃದಯಕ್ಕೂ ಏನು ಸಂಬಂಧ ಅಂತ ಅಮ್ಮನೇ ಕೇಳಿದ್ದರು. ಕೇಳಲೇಬೇಕಾದ ಪ್ರಶ್ನೆ ಅದು. ವಾಹನಗಳ ಹೊಗೆ, ಏನನ್ನಾದರೂ ಸುಟ್ಟ ಹೊಗೆ, ಅಡುಗೆಮನೆಯಲ್ಲಿ ಕರಿಯುವಾಗ ಏಳುವ ಹೊಗೆ, ಇವುಗಳಲ್ಲಿ 2.5 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ) ಸಣ್ಣ ಕಣಗಳಿರುತ್ತವೆ. ಅವನ್ನೇ ಪಿಎಂ 2.5 ಎನ್ನುತ್ತಾರೆ. ಮೂಗು, ಗಂಟಲು ಇವನ್ನು ತಡೆಯಲಾರವು. ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೂ ಇಳಿಯುತ್ತವೆ. ಅಲ್ಲಿ ಉರಿಯೂತ ಶುರುವಾಗಿ ಅದರ ಪರಿಣಾಮ ರಕ್ತಕ್ಕೂ ಹರಡುತ್ತದೆ. ಇನ್ನೂ ಸಣ್ಣ ಕಣಗಳು ನೇರವಾಗಿ ರಕ್ತವನ್ನೇ ಸೇರಬಲ್ಲವು. ಹೃದಯದ ಬಡಿತವನ್ನು, ರಕ್ತನಾಳಗಳ ಬಿಗಿತವನ್ನು ನೋಡಿಕೊಳ್ಳುವ ನರಗಳನ್ನು ಕೆಣಕುತ್ತವೆ. ರಕ್ತ ಹೆಪ್ಪುಗಟ್ಟುವುದು ಸುಲಭವಾಗುತ್ತದೆ. ವಯಸ್ಸಾದವರ ರಕ್ತನಾಳಗಳು ಮೊದಲೇ ಗಡುಸಾಗಿರುತ್ತವೆ, ಹಾಗಾಗಿ ಅವರಿಗೆ ಪೆಟ್ಟು ಜಾಸ್ತಿ. ಇದಕ್ಕೆ ವರ್ಷಗಟ್ಟಲೆ ಕಾಲ ಬೇಕಿಲ್ಲ. ಕೆಲವು ಗಂಟೆಗಳಿಂದ ಕೆಲವು ವಾರ ಇಂಥ ಗಾಳಿ ಉಸಿರಾಡಿದರೂ ಹೃದಯಾಘಾತದಂಥ ಅನಾಹುತ ಆಗಬಹುದು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2010ರಲ್ಲೇ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ವಾರ್ಷಿಕ ಮಿತಿಯನ್ನು ಅರ್ಧಕ್ಕೆ ಇಳಿಸಿತು. ಅದರ ಪ್ರಕಾರ ವರ್ಷದ ಸರಾಸರಿ ಪಿಎಂ 2.5 ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ದಾಟಬಾರದು. ಒಂದು ದಿನದ ಮಟ್ಟಿಗೆ 15.

ಕಿಟಕಿ ಮುಚ್ಚಿದರೆ ಸಾಕಲ್ವಾ? ಸಾಲದು. ಬಾಗಿಲ ಸಂದು, ಕಿಟಕಿಯ ಅಂಚು, ಎಲ್ಲಿಂದಾದರೂ ಈ ಕಣಗಳು ಒಳಗೆ ಬರುತ್ತವೆ. ಮನೆಯೊಳಗೇ ಹುಟ್ಟುವ ಹೊಗೆ ಬೇರೆ. ಹಿರಿಯರು ದಿನದ ಬಹುಪಾಲು ಮನೆಯೊಳಗೇ ಇರುತ್ತಾರೆ, ಅದರಲ್ಲೂ ಒಂದೇ ಕೋಣೆಯಲ್ಲಿ ತುಂಬಾ ಹೊತ್ತು. ಅವರ ಮಟ್ಟಿಗೆ ಈ ಯಂತ್ರಕ್ಕೆ ಅರ್ಥ ಬರುವುದು ಇದರಿಂದಲೇ. ಇಡೀ ಮನೆಯ ಗಾಳಿ ಶುದ್ಧ ಮಾಡಲು ಹೋಗಬೇಕಿಲ್ಲ. ಒಂದು ಕೋಣೆಯನ್ನು ಸರಿಯಾಗಿ ನೋಡಿಕೊಂಡರೆ ದಿನದ ಮೂರನೇ ಒಂದು ಭಾಗ ಅವರ ಉಸಿರು ಹಗುರಾಗುತ್ತದೆ.

ಇನ್ನು ಪುರಾವೆಯ ಮಾತು. ನಾನು ಕೊಳ್ಳುವ ಮೊದಲು ತುಂಬಾ ಯೋಚಿಸಿದ್ದು ಇದರ ಬಗ್ಗೆಯೇ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಕಡಿಮೆ ಆದಾಯದ ಹಿರಿಯರು ವಾಸಿಸುವ ಕಟ್ಟಡವೊಂದರಲ್ಲಿ ನಡೆದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. 40 ಜನ ಹಿರಿಯರು. ಪ್ರತಿಯೊಬ್ಬರ ಮನೆಯಲ್ಲೂ ಮೂರು ಬಗೆಯಲ್ಲಿ ಯಂತ್ರ ಓಡಿಸಿದರು, ಒಂದೊಂದು ಬಗೆ ಮೂರು ದಿನ. ಒಂದರಲ್ಲಿ ತೀರಾ ಸಣ್ಣ ಕಣಗಳನ್ನೂ ಹಿಡಿಯುವ ಒಳ್ಳೆಯ ಹೆಪಾ ಫಿಲ್ಟರ್, ಒಂದರಲ್ಲಿ ಸಾಧಾರಣ ಫಿಲ್ಟರ್, ಇನ್ನೊಂದರಲ್ಲಿ ಫಿಲ್ಟರೇ ಇಲ್ಲ, ಸುಮ್ನೆ ಫ್ಯಾನ್ ತಿರುಗುತ್ತಿತ್ತು. ಫಿಲ್ಟರ್ ಇಲ್ಲದಾಗ ಅವರು ಉಸಿರಾಡಿದ ಪಿಎಂ 2.5 ಸರಾಸರಿ 15.5 ಮೈಕ್ರೋಗ್ರಾಂ ಇತ್ತು. ಸಾಧಾರಣ ಫಿಲ್ಟರ್ ಹಾಕಿದಾಗ 10.9, ಒಳ್ಳೆಯದು ಹಾಕಿದಾಗ 7.4. ಫಿಲ್ಟರ್ ಇದ್ದ ದಿನಗಳಲ್ಲಿ ಮೇಲಿನ ಬಿಪಿ ಸರಾಸರಿ 3.2 ಅಂಕ ಇಳಿಯಿತು. ಅದೂ ಮೂರೇ ದಿನದಲ್ಲಿ. ಅದಕ್ಕೂ ಹತ್ತು ವರ್ಷ ಮೊದಲು, 2008ರಲ್ಲಿ, ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ನಡೆದ ಪ್ರಯೋಗವೊಂದು ಪ್ರಕಟವಾಗಿತ್ತು. ಅದರಲ್ಲಿದ್ದವರು 60ರಿಂದ 75 ವಯಸ್ಸಿನ 21 ಜೋಡಿ ದಂಪತಿಗಳು, ಓಡಾಟ ಹೆಚ್ಚಿರುವ ರಸ್ತೆಗಳ ಹತ್ತಿರ ವಾಸಿಸುವವರು. 48 ಗಂಟೆ ಶೋಧಿಸಿದ ಗಾಳಿಯಲ್ಲಿದ್ದ ಮೇಲೆ ಅವರ ಸಣ್ಣ ರಕ್ತನಾಳಗಳ ಕೆಲಸ ಶೇ. 8ರಷ್ಟು ಸುಧಾರಿಸಿತ್ತು.

ಇವೆಲ್ಲ ಸಣ್ಣ ಪ್ರಯೋಗಗಳು, ಕೆಲವೇ ದಿನ ನಡೆದವು. ಅಳೆದದ್ದು ಬಿಪಿಯನ್ನು, ರಕ್ತನಾಳಗಳನ್ನು. ಯಂತ್ರ ಇಟ್ಟವರಿಗೆ ಹೃದಯಾಘಾತ ಕಡಿಮೆಯಾಯಿತು ಅಂತ ಇವು ತೋರಿಸಿಲ್ಲ. ಆದ್ದರಿಂದ ಅಂಗಡಿಯವರು "ಹೃದಯ ಕಾಪಾಡುತ್ತೆ" ಅಂದರೆ ಆ ಮಾತಿಗೆ ದುಡ್ಡು ಕೊಡಬೇಡಿ. ಹೃದಯದ ಮೇಲೆ ಬೀಳುವ ಒಂದು ಹೊರೆ ಕಡಿಮೆ ಮಾಡುತ್ತದೆ, ಅಷ್ಟನ್ನು ನಂಬಬಹುದು. ಮಾತ್ರೆ, ನಡಿಗೆ, ವೈದ್ಯರ ಭೇಟಿ ಇವ್ಯಾವುದರ ಜಾಗಕ್ಕೂ ಇದು ಬರುವುದಿಲ್ಲ. ಯಂತ್ರ ಬಂದಿದೆ ಅಂತ ಒಂದು ಹೊತ್ತಿನ ಮಾತ್ರೆ ಬಿಡುವ ಹಿರಿಯರು ಇದ್ದಾರೆ. ಮನೆಯವರು ಗಮನ ಇಡಬೇಕು.

ನಮ್ಮ ಮನೆಯಲ್ಲಿ ಬಿಪಿ ಇಳಿಯಿತಾ ಅಂತ ಎಲ್ಲರೂ ಕೇಳುತ್ತಾರೆ. ಇಳಿಯಿತು ಅಂತ ನಾನು ಹೇಳುವುದಿಲ್ಲ. ಅಪ್ಪನ ಬಿಪಿ ಒಂದೇ ಬೆಳಿಗ್ಗೆ ಎರಡು ಸಲ ನೋಡಿದರೆ ಎರಡು ಥರ ಬರುತ್ತದೆ. ನಿದ್ದೆ ಸರಿಯಾಗದಿದ್ದರೆ ಏರುತ್ತದೆ, ವೈದ್ಯರು ಮಾತ್ರೆ ಬದಲಿಸಿದರೆ ಇಳಿಯುತ್ತದೆ. ಇಷ್ಟು ಏರಿಳಿತದ ನಡುವೆ ಮೂರು ಅಂಕ ಯಾವುದರಿಂದ ಬಂತು ಅಂತ ಒಂದು ಮನೆಯಲ್ಲಿ ಕಂಡುಹಿಡಿಯಲು ಆಗುವುದಿಲ್ಲ. ಡೆಟ್ರಾಯಿಟ್‌ನವರು ಫಿಲ್ಟರ್ ಇಲ್ಲದ ಯಂತ್ರವನ್ನೂ ಇಟ್ಟು ನೋಡಿದ್ದು ಇದೇ ಕಾರಣಕ್ಕೆ. "ಒಂದೇ ವಾರದಲ್ಲಿ ನಮ್ಮ ತಂದೆಯವರ ಬಿಪಿ ನಾರ್ಮಲ್" ಅನ್ನುವ ವಿಮರ್ಶೆ ಕಂಡರೆ ಅದನ್ನು ದಾಟಿ ಮುಂದಕ್ಕೆ ಹೋಗಿ.

ನಾನು ನೋಡಿ ಹೇಳಬಲ್ಲದ್ದು ಕೋಣೆಯ ಗಾಳಿಯನ್ನು. ಯಂತ್ರದ ಮೇಲಿನ ಅಂಕಿಯನ್ನೇ ನಂಬದೆ, ಪಿಎಂ 2.5 ಅಳೆಯುವ ಬೇರೆ ಒಂದು ಸಣ್ಣ ಮೀಟರ್ ತಂದು ಮಂಚದ ತಲೆಯ ಬಳಿ ಇಟ್ಟೆ. ಇದು ಎಲ್ಲರಿಗೂ ಹೇಳುವ ಸಲಹೆ. ಯಂತ್ರದ ಸೆನ್ಸರ್ ತನ್ನ ಪಕ್ಕದಲ್ಲಿರುವ, ಆಗಲೇ ಶುದ್ಧವಾದ ಗಾಳಿಯನ್ನೇ ಅಳೆಯುತ್ತದೆ. ಮಲಗಿದವರ ಮೂಗಿನ ಹತ್ತಿರ ಎಷ್ಟಿದೆ ಅನ್ನುವುದು ನಮಗೆ ಬೇಕಾದದ್ದು. ಹೊರಗೆ ಗಾಳಿ ಕೆಟ್ಟಿರುವ ರಾತ್ರಿಗಳಲ್ಲೂ, ಬಾಗಿಲು ಮುಚ್ಚಿ ಮಧ್ಯಮ ವೇಗದಲ್ಲಿ ಓಡಿಸಿದರೆ, ಅರ್ಧ-ಮುಕ್ಕಾಲು ಗಂಟೆಯಲ್ಲಿ ಅಂಕಿ ಹತ್ತರ ಆಸುಪಾಸಿಗೆ ಇಳಿದು ಬೆಳಗಿನವರೆಗೂ ಅಲ್ಲೇ ನಿಲ್ಲುತ್ತದೆ. ಬಾಗಿಲು ತೆರೆದಿಟ್ಟರೆ ಇಳಿಯುವುದೇ ಇಲ್ಲ. ಇಂಥ ಮೀಟರ್‌ಗಳು ಬೆಳಕು ಚೆದುರುವುದನ್ನು ನೋಡಿ ಕಣ ಎಣಿಸುತ್ತವೆ, ಹಾಗಾಗಿ ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಅಂಕಿ ಜಾಸ್ತಿ ತೋರಿಸುತ್ತವೆ. ಆಗ ಗಾಬರಿ ಬೇಡ.

ಈಗ ಮುಖ್ಯ ವಿಷಯ, ಶಬ್ದ. ಯಂತ್ರ ಎಷ್ಟು ಶುದ್ಧ ಗಾಳಿ ಕೊಡುತ್ತದೆ ಅನ್ನುವುದಕ್ಕೆ ಸಿಎಡಿಆರ್ ಅನ್ನುವ ಅಳತೆ ಇದೆ. ಕೋಣೆಯ ಚದರ ಅಡಿಯ ಮೂರನೇ ಎರಡರಷ್ಟಾದರೂ ಸಿಎಡಿಆರ್ ಇರಬೇಕು ಅನ್ನುವುದು ರೂಢಿಯಲ್ಲಿರುವ ಲೆಕ್ಕ, ನಿಮಿಷಕ್ಕೆ ಘನ ಅಡಿಗಳಲ್ಲಿ. 12 ಅಡಿಗೆ 12 ಅಡಿ ಕೋಣೆ ಅಂದರೆ 144 ಚದರ ಅಡಿ, ಅದಕ್ಕೆ 96. ಗಂಟೆಗೆ ಘನ ಮೀಟರ್ ಲೆಕ್ಕದಲ್ಲಿ ಸುಮಾರು 163. ಈ ಲೆಕ್ಕ ಎಂಟು ಅಡಿ ಎತ್ತರದ ಚಾವಣಿಗೆ. ಹತ್ತು ಅಡಿ ಇದ್ದರೆ 120 ಬೇಕು. ಇಲ್ಲಿ ಯಾರೂ ಬಿಡಿಸಿ ಹೇಳದ ಮಾತೊಂದಿದೆ. ಡಬ್ಬದ ಮೇಲಿನ ಸಿಎಡಿಆರ್ ಅತಿ ಹೆಚ್ಚು ವೇಗದ್ದು. ಆ ವೇಗದಲ್ಲಿ ಯಾವ ಹಿರಿಯರೂ ಮಲಗಲಾರರು. ಸ್ಲೀಪ್ ಮೋಡ್‌ಗೆ ಹಾಕಿದರೆ ಸದ್ದು ಅಡಗುತ್ತದೆ, ಜೊತೆಗೆ ಗಾಳಿಯೂ ಅಡಗುತ್ತದೆ. ಕೋಣೆಗೆ ಸರಿಯಾಗಿ ಅಳೆದು ತಂದ ಯಂತ್ರ ರಾತ್ರಿ ಹೊತ್ತು ಸಾಲುವುದಿಲ್ಲ ಅನ್ನುವುದು ಇದರಿಂದ. ಅದಕ್ಕೇ ಲೆಕ್ಕಕ್ಕೆ ಬಂದ ಅಳತೆಯ ದುಪ್ಪಟ್ಟು ಸಾಮರ್ಥ್ಯದ್ದನ್ನು ತಂದು ಮಧ್ಯಮ ವೇಗದಲ್ಲಿ ಓಡಿಸಿ. ನಮ್ಮದು ಹಾಗೆ ತಂದದ್ದು. ಫ್ಯಾನ್‌ನ ಸಣ್ಣ ಸದ್ದಿನಷ್ಟು ಕೇಳಿಸುತ್ತದೆ, ಅಪ್ಪನಿಗೆ ಅದು ಅಭ್ಯಾಸವಾಗಿದೆ. ಹಗಲಲ್ಲಿ ಮಾತಿಗೆ ಕೂತಾಗ ವೇಗ ಇನ್ನೂ ಕಡಿಮೆ ಮಾಡುತ್ತೇವೆ. ಕಿವಿಗೆ ಮೆಷಿನ್ ಹಾಕಿಕೊಂಡವರಿಗೆ ಈ ಹಿನ್ನೆಲೆ ಸದ್ದಿನಲ್ಲಿ ಮಾತು ಹಿಡಿಯುವುದು ಕಷ್ಟ.

ಹಿರಿಯರು ಯಂತ್ರ ಆಫ್ ಮಾಡಲು ಸದ್ದೊಂದೇ ಕಾರಣವಲ್ಲ. ಅಮ್ಮ ಮೊದಲ ದಿನಗಳಲ್ಲಿ "ಆರಿಸೋ ಅದನ್ನ, ಗಾಳಿ ಕಾಲಿಗೇ ಹೊಡೀತಿದೆ" ಅನ್ನುತ್ತಿದ್ದರು. ಯಂತ್ರವನ್ನು ಮಂಚದಿಂದ ದೂರ ಸರಿಸಿ, ಗಾಳಿ ಮೇಲಕ್ಕೆ ಹೋಗುವಂತೆ ಇಟ್ಟ ಮೇಲೆ ಆ ದೂರು ನಿಂತಿತು. ಬಣ್ಣದ ದೀಪ ರಾತ್ರಿ ಕಣ್ಣಿಗೆ ಚುಚ್ಚುತ್ತದೆ, ಅದನ್ನು ಪೂರ್ತಿ ಆರಿಸಲು ಬರುವಂಥದ್ದು ಬೇಕು. ನಮ್ಮ ಯಂತ್ರದ ಅತಿ ದೊಡ್ಡ ಕೊರತೆ ಅದರ ಗುಂಡಿಗಳು. ನುಣುಪಾದ ಗಾಜಿನ ಮೇಲೆ ಸಣ್ಣ ಚಿತ್ರಗಳು, ಯಾವುದು ಏನು ಅಂತ ಅಪ್ಪನಿಗೆ ಕನ್ನಡಕ ಹಾಕಿದರೂ ಕಾಣುವುದಿಲ್ಲ. ಫೋನಿನ ಆ್ಯಪ್‌ನಲ್ಲಿ ಎಲ್ಲ ಮಾಡಬಹುದು, ಆದರೆ ಅವರಿಗೆ ಆ್ಯಪ್ ಬೇಕಿಲ್ಲ. ತಿರುಗಿಸುವ ಒಂದು ಗುಂಡಿ ಇದ್ದಿದ್ದರೆ ಈ ಯಂತ್ರಕ್ಕೆ ಪೂರ್ತಿ ಅಂಕ ಕೊಡುತ್ತಿದ್ದೆ. ವೈರ್ ಬಗ್ಗೆಯೂ ಎಚ್ಚರ ಬೇಕು. ರಾತ್ರಿ ಬಚ್ಚಲಿಗೆ ಎದ್ದು ಹೋಗುವ ದಾರಿಯಲ್ಲಿ ಅದು ಅಡ್ಡ ಬಂದರೆ ಎಡವಿ ಬೀಳುತ್ತಾರೆ. ಗೋಡೆಯಂಚಿಗೆ ಕ್ಲಿಪ್ ಹೊಡೆದು ಕೂರಿಸಿ.

ಫಿಲ್ಟರ್ ವಿಷಯಕ್ಕೆ ಬರೋಣ. ಹೆಪಾ ಅಂದರೆ, ಅಮೆರಿಕದ ಲೆಕ್ಕದಲ್ಲಿ, 0.3 ಮೈಕ್ರಾನ್ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುವುದು. ಅದಕ್ಕಿಂತ ಸಣ್ಣ ಕಣ ನುಸುಳಿ ಹೋಗುತ್ತದೆ ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. ತೀರಾ ಸಣ್ಣ ಕಣಗಳು ಗಾಳಿಯಲ್ಲಿ ಅಡ್ಡಾದಿಡ್ಡಿ ಓಡಾಡುತ್ತಾ ಫಿಲ್ಟರ್‌ನ ನಾರಿಗೆ ಬಡಿದು ಅಂಟುತ್ತವೆ. ದೊಡ್ಡವು ನೇರವಾಗಿ ಹೋಗಿ ಸಿಕ್ಕಿಕೊಳ್ಳುತ್ತವೆ. ಹಿಡಿಯಲು ಕಷ್ಟವಾದ ಅಳತೆ ನಡುವಿನದು, ಅದರಲ್ಲೇ ಪರೀಕ್ಷೆ ಮಾಡುತ್ತಾರೆ. "ಹೆಪಾ ಟೈಪ್", "ಹೆಪಾ ಥರ" ಅಂತ ಬರೆದದ್ದು ಈ ಪರೀಕ್ಷೆಗೆ ಬದ್ಧವಲ್ಲ, ಬಿಟ್ಟುಬಿಡಿ. ಹೊರಗಿನ ಜಾಲರಿಯ ಧೂಳನ್ನು ಎರಡು ವಾರಕ್ಕೊಮ್ಮೆ ತೆಗೆಯುತ್ತೇವೆ. ಒಳಗಿನ ಹೆಪಾ ತೊಳೆಯುವಂಥದ್ದಲ್ಲ, ತೊಳೆದರೆ ಕೆಡುತ್ತದೆ. ಫಿಲ್ಟರ್ ಬದಲಿಸಿ ಅನ್ನುವ ದೀಪ ಬಹಳಷ್ಟು ಯಂತ್ರಗಳಲ್ಲಿ ಓಡಿದ ಗಂಟೆಯನ್ನು ಎಣಿಸುತ್ತದೆ, ಕೊಳೆಯನ್ನಲ್ಲ. ಗಾಳಿ ಕೆಟ್ಟಿರುವ ಕಡೆ ಅದಕ್ಕಿಂತ ಬೇಗ ಕಟ್ಟಿಕೊಳ್ಳುತ್ತದೆ. ಅದೇ ವೇಗದಲ್ಲಿ ಮಂಚದ ಬಳಿಯ ಮೀಟರ್ ಇಳಿಯಲು ಹೆಚ್ಚು ಹೊತ್ತು ಹಿಡಿದರೆ ಬದಲಿಸುವ ಸಮಯ ಬಂತು ಅಂತ ಅರ್ಥ.

ನನಗೆ ಬೇಸರ ತಂದದ್ದು ಇಲ್ಲೇ. ಎರಡನೇ ಸಲ ಫಿಲ್ಟರ್ ಬದಲಿಸಬೇಕಾದಾಗ ಕಂಪನಿಯ ಬಳಿ ದಾಸ್ತಾನು ಇರಲಿಲ್ಲ. ಕರೆ ಮಾಡಿದಾಗಲೆಲ್ಲ ಮುಂದಿನ ವಾರ ಬರುತ್ತೆ ಅಂದರು. ಬೇರೆಯವರು ಮಾಡಿದ ಅಗ್ಗದ ಫಿಲ್ಟರ್ ಸಿಗುತ್ತಿತ್ತು, ಅಂಚು ಸರಿಯಾಗಿ ಕೂರದೆ ಸಂದಿನಿಂದ ಗಾಳಿ ಹೋಗುತ್ತಿತ್ತು. ಸಂದಿನಿಂದ ಹೋದ ಗಾಳಿ ಶೋಧಿಸಿದ ಗಾಳಿಯಲ್ಲ. ಹೃದಯದ ತೊಂದರೆ ಇರುವವರ ಮನೆಗೆ ಮಾರುವ ವಸ್ತುವಿಗೆ ಬಿಡಿಭಾಗ ಇಲ್ಲ ಅನ್ನುವುದು ಸಣ್ಣ ತಪ್ಪಲ್ಲ. ಈಗ ಯಾವಾಗಲೂ ಒಂದು ಫಿಲ್ಟರ್ ಮುಂಚೆಯೇ ತಂದು ಇಟ್ಟಿರುತ್ತೇವೆ. ಯಂತ್ರ ಕೊಳ್ಳುವ ದಿನವೇ ಅದರ ಫಿಲ್ಟರ್ ಬೆಲೆ ಎಷ್ಟು, ಎಷ್ಟು ವರ್ಷ ಸಿಗುತ್ತದೆ ಅಂತ ಕೇಳಿ. ಕರೆಂಟ್ ಖರ್ಚು ಹೆಚ್ಚೇನಲ್ಲ. 50 ವಾಟ್ ಯಂತ್ರ ದಿನಪೂರ್ತಿ ಓಡಿದರೆ 1.2 ಯೂನಿಟ್ ಅಷ್ಟೇ.

ಅಯಾನೈಸರ್, ಪ್ಲಾಸ್ಮಾ ಇಂಥ ಹೆಸರಿನ ಸೌಲಭ್ಯ ಇದ್ದರೆ ಆಫ್ ಮಾಡಿ ಇಡಿ. ಕೆಲವು ಓಝೋನ್ ಬಿಡುತ್ತವೆ. ಓಝೋನ್ ಶ್ವಾಸಕೋಶವನ್ನು ಕೆರಳಿಸುತ್ತದೆ, ಹೃದಯಕ್ಕಾಗಿ ತಂದ ಯಂತ್ರದಿಂದ ಅದು ಬರಬಾರದು. ಕ್ಯಾಲಿಫೋರ್ನಿಯಾ ರಾಜ್ಯ ಇಂಥ ಯಂತ್ರಗಳಿಗೆ 0.050 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 0.050 ಭಾಗ) ಓಝೋನ್ ಮಿತಿ ಹಾಕಿದೆ. ಫ್ಯಾನ್ ಮತ್ತು ಹೆಪಾ ಇಷ್ಟೇ ಇರುವ ಸಾದಾ ಯಂತ್ರವೇ ಒಳ್ಳೆಯದು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಯಂತ್ರ ಕಾರ್ಬನ್ ಮಾನಾಕ್ಸೈಡ್ ತೆಗೆಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಹೀಟರ್ ಅಥವಾ ಕೆಂಡ ಇಟ್ಟು ಪ್ಯೂರಿಫೈಯರ್ ಇದೆಯಲ್ಲ ಅಂತ ಮಲಗುವುದು ಪ್ರಾಣಕ್ಕೇ ಅಪಾಯ. ಆಮ್ಲಜನಕವನ್ನೂ ಇದು ಕೊಡುವುದಿಲ್ಲ. ಹೊರಗಿನ ಗಾಳಿ ಚೆನ್ನಾಗಿರುವ ಹೊತ್ತು ನೋಡಿ ಕಿಟಕಿ ತೆರೆಯಬೇಕು. ನಾವು ಮೀಟರನ್ನು ಕಿಟಕಿಯ ಹೊರಗೆ ಹಿಡಿದು ನೋಡಿ, ಅಂಕಿ ಕಡಿಮೆ ಇದ್ದರೆ ಸ್ವಲ್ಪ ಹೊತ್ತು ತೆರೆಯುತ್ತೇವೆ, ಆಮೇಲೆ ಮುಚ್ಚಿ ಯಂತ್ರ ಓಡಿಸುತ್ತೇವೆ. ಮನೆಯೊಳಗೆ ಯಾರಾದರೂ ಸಿಗರೇಟು ಸೇದುತ್ತಿದ್ದರೆ, ಅಥವಾ ಆ ಕೋಣೆಯಲ್ಲೇ ಸೊಳ್ಳೆ ಬತ್ತಿ ಸುಡುತ್ತಿದ್ದರೆ, ಯಂತ್ರಕ್ಕೆ ದುಡ್ಡು ಹಾಕುವ ಮೊದಲು ಅದನ್ನು ನಿಲ್ಲಿಸಿ. ಅಲ್ಲಿ ಸೊಳ್ಳೆ ಪರದೆಯೇ ಹೆಚ್ಚು ಕೆಲಸ ಮಾಡುತ್ತದೆ.