ಕಿವಿ ಆಪರೇಷನ್‌ಗೆ ಒಪ್ಪುವ ಮುಂಚೆ ಸಿಟಿ ಸ್ಕ್ಯಾನ್ ಕೇಳಿ

ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಹರಾಜು ಕೂಗುವವರು ಪಕ್ಕದಲ್ಲಿ ನಿಂತು ಜೋರಾಗಿ ರೇಟು ಕೂಗಿದರೆ ಸಾಕು, ಎದುರಿನ ಬಾಕ್ಸ್‌ಗಳ ಸಾಲೇ ಓರೆಯಾಗಿ ಜಾರಿದ ಹಾಗೆ ಕಾಣುತ್ತಿತ್ತು. ಉಸಿರು ಬಿಗಿಹಿಡಿದು 15 ಕೆಜಿ ಬಾಕ್ಸ್ ಎತ್ತಿದರೂ ಅಷ್ಟೇ. ಬಿಪಿ ಅಂದರು, ಪಿತ್ತ ಅಂದರು, ತಲೆಸುತ್ತಿನ ಮಾತ್ರೆ ಕೊಟ್ಟರು.

ಇನ್ನೊಂದು ವಿಷಯ ಇತ್ತು. ಬಿಂದಿಗೆಗೆ ಬಾಯಿಟ್ಟು ಮಾತಾಡಿದ ಹಾಗೆ ನನ್ನ ದನಿ ಎಡಗಿವಿಯೊಳಗೆ ಮೊಳಗುತ್ತಿತ್ತು. ರಾತ್ರಿ ಮಲಗಿ ಕಣ್ಣು ಹೊರಳಿಸಿದರೆ ಸರ್ ಅಂತ ಸದ್ದು. ಕಣ್ಣು ಆಡುವುದು ಕಿವಿಗೆ ಕೇಳುತ್ತೆ ಅಂದರೆ ಯಾರು ನಂಬುತ್ತಾರೆ? ಡಾಕ್ಟರಿಗೂ ಹೇಳಲಿಲ್ಲ. ದಯವಿಟ್ಟು ನೀವು ಹಾಗೆ ಮಾಡಬೇಡಿ, ಇಂಥದ್ದನ್ನೇ ಮೊದಲು ಹೇಳಿ.

ಪರೀಕ್ಷೆಯಲ್ಲಿ ಎಡಗಿವಿ ಸ್ವಲ್ಪ ಮಂದ ಅಂತ ಬಂತು. ಸದ್ದನ್ನು ಒಳಕಿವಿಗೆ ದಾಟಿಸುವ ಪುಟ್ಟ ರಿಕಾಪು ಮೂಳೆ ಬಿಗಿದುಕೊಂಡಿದೆ, ತೆಗೆದು ಬೇರೆಯದು ಕೂರಿಸೋಣ ಅಂದರು. ಸ್ಕ್ಯಾನ್ ಮಾಡಿಸಲಿಲ್ಲ. ಆಪರೇಷನ್ ಆದಮೇಲೆ ಕಿವಿ ಒಂಚೂರೂ ಸುಧಾರಿಸಲಿಲ್ಲ, ತಲೆಸುತ್ತು ಮಾತ್ರ ಜಾಸ್ತಿಯಾಯಿತು. ಎರಡು ತಿಂಗಳು ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗುತ್ತಿದ್ದೆ.

ಕೊನೆಗೆ ಬೆಂಗಳೂರಿನಲ್ಲಿ ಇನ್ನೊಬ್ಬ ಡಾಕ್ಟರ್ ಎಲ್ಲ ಕೇಳಿಸಿಕೊಂಡು, ಟ್ಯೂನಿಂಗ್ ಫೋರ್ಕ್ ಅನ್ನುವ, ತಟ್ಟಿದರೆ ಗುಂಯ್‌ಗುಡುವ ಕವಲು ಸಲಾಕೆ ಬಡಿದು ನನ್ನ ಕಾಲಿನ ಹರಡಿನ ಮೂಳೆ ಮೇಲೆ ಇಟ್ಟರು. ‘ಎಲ್ಲಾದರೂ ಕೇಳಿಸುತ್ತಾ ನೋಡಿ’ ಅಂದರು. ಎಡಗಿವಿಯಲ್ಲಿ ಗುಂಯ್ ಅಂದಿತು. ಕಾಲಿಗಿಟ್ಟದ್ದು ಕಿವಿಯಲ್ಲಿ! ನನಗೆ ಅಳುವೇ ಬಂತು.

ಟೆಂಪೊರಲ್ ಬೋನ್, ಅಂದರೆ ಕಿವಿಯ ಸುತ್ತಲಿನ ತಲೆಬುರುಡೆ ಮೂಳೆಯ ಸಿಟಿಯನ್ನು ತೆಳುವಾದ ಪದರಗಳಲ್ಲಿ ತೆಗೆಸಿದರು. ಒಳಕಿವಿಯಲ್ಲಿ ನಮ್ಮನ್ನು ಓಲಾಡದ ಹಾಗೆ ಕಾಯುವ ಮೂರು ಬಾಗಿದ ನಾಳಗಳಿವೆ. ಅದರಲ್ಲಿ ಮೇಲಿನದಕ್ಕೆ ಇರಬೇಕಾದ ಮೂಳೆಯ ಮುಚ್ಚಳ ನನಗೆ ಒಂದು ಕಡೆ ಇಲ್ಲವೇ ಇಲ್ಲ. ಹೊರಗಿನ ಸದ್ದಿನ ಬಲ ಆ ಕಿಂಡಿಯಲ್ಲಿ ಸೋರಿಹೋಗುತ್ತೆ, ಅದಕ್ಕೇ ಕಿವಿ ಮಂದ. ಜೋರು ಸದ್ದು ನಾಳದ ನೀರನ್ನು ಕದಲಿಸುತ್ತೆ, ಅದಕ್ಕೇ ತಲೆಸುತ್ತು. ಮೈಯೊಳಗಿನ ಸದ್ದೆಲ್ಲ ಜಾಸ್ತಿ ಕೇಳುವುದೂ ಅದರಿಂದಲೇ. ಇದಕ್ಕೆ ಸುಪೀರಿಯರ್ ಕೆನಾಲ್ ಡಿಹಿಸೆನ್ಸ್ ಅನ್ನುತ್ತಾರೆ. ಅಮೆರಿಕದ ಕಿವಿ ಡಾಕ್ಟರ್ ಲಾಯ್ಡ್ ಮೈನರ್ ಮತ್ತು ಜೊತೆಯವರು ಇದನ್ನು ವಿವರಿಸಿದ್ದೇ 1998ರಲ್ಲಿ. ಹಾಗಾಗಿ ಎಲ್ಲ ಡಾಕ್ಟರಿಗೂ ತಟ್ಟನೆ ಹೊಳೆಯದಿರಬಹುದು, ಅದನ್ನು ಒಪ್ಪುತ್ತೇನೆ.

ಆದರೆ ರಿಫ್ಲೆಕ್ಸ್ ಪರೀಕ್ಷೆ ಅಂತ ಒಂದಿದೆ, ಜೋರು ಸದ್ದಿಗೆ ಕಿವಿಯೊಳಗಿನ ಪುಟ್ಟ ಸ್ನಾಯು ತಾನಾಗಿ ಬಿಗಿಯುತ್ತಾ ಅಂತ ನೋಡುವುದು. ಕೆಲವೇ ನಿಮಿಷದ ಕೆಲಸ, ನೋವಿಲ್ಲ. ರಿಕಾಪು ಮೂಳೆ ನಿಜವಾಗಿ ಬಿಗಿದಿದ್ದರೆ ಸಾಮಾನ್ಯವಾಗಿ ಆ ಕಿವಿಯಲ್ಲಿ ರಿಫ್ಲೆಕ್ಸ್ ಸಿಗುವುದಿಲ್ಲ, ನನ್ನಂಥ ತೊಂದರೆಯಲ್ಲಿ ಸಿಗುತ್ತದೆ. ಆಪರೇಷನ್ ಅಂದರೆ ಮೊದಲು ಅದನ್ನು ಕೇಳಿ. ಅನುಮಾನ ಬಂದರೆ ಸಿಟಿ, ಮತ್ತೆ ಸದ್ದಿಗೆ ಒಳಕಿವಿಯ ಸಮತೋಲನದ ಭಾಗ ಹೇಗೆ ಸ್ಪಂದಿಸುತ್ತೆ ಅಂತ ನೋಡುವ ವೆಂಪ್ ಪರೀಕ್ಷೆ, ಎರಡೂ ಮಾಡಿಸಿ.

ಮೊನ್ನೆ ನನ್ನ ಹಳೇ ಫೈಲ್ ತೆಗೆದು ನೋಡಿದೆ. ಆಪರೇಷನ್‌ಗೂ ಮುಂಚಿನ ರಿಪೋರ್ಟ್ ಅದರಲ್ಲೇ ಇತ್ತು. ಎಡಗಿವಿ, ರಿಫ್ಲೆಕ್ಸ್: ಪ್ರೆಸೆಂಟ್.