ಹಳೆ ಷೆವರ್ಲೆ ಪಿಕಪ್‌ನ ಬ್ಯಾಕ್‌ಫೈರ್: ವ್ಯಾಕ್ಯೂಮ್ ಗೇಜ್, ಟೈಮಿಂಗ್ ಲೈಟ್, ಕಂಪ್ರೆಶನ್ ಗೇಜ್, ಯಾವುದನ್ನು ನಂಬಬೇಕು?

ಇಲ್ಲಿ ಹೇಳುತ್ತಿರುವುದು 1975ರಿಂದ 1986ರವರೆಗಿನ ಷೆವರ್ಲೆ ಸಿ10 ಪಿಕಪ್ ಬಗ್ಗೆ: 350 (ಘನ ಇಂಚು) ವಿ8 ಎಂಜಿನ್, ಕಾರ್ಬೊರೇಟರ್, ಎಚ್‌ಇಐ (ಎಲೆಕ್ಟ್ರಾನಿಕ್ ಇಗ್ನಿಷನ್) ಡಿಸ್ಟ್ರಿಬ್ಯೂಟರ್. ಪ್ಲಗ್, ಕ್ಯಾಪ್, ರೋಟರ್ ಬದಲಾಯಿಸಿದ ಮೇಲೂ ಬ್ಯಾಕ್‌ಫೈರ್ (ಪೆಟ್ರೋಲ್ ತಪ್ಪು ಜಾಗದಲ್ಲಿ ಉರಿದು ಸಿಡಿಯುವುದು) ನಿಲ್ಲದಿದ್ದರೆ ಇನ್ನೊಂದು ಪಾರ್ಟ್ ಕೊಳ್ಳಬೇಡಿ, ಅಳೆಯಿರಿ. ಸದ್ದು ಕಾರ್ಬೊರೇಟರ್ ಬಾಯಿಂದ ಬರುತ್ತಿದ್ದರೆ ಪೆಟ್ರೋಲ್ ಕಡಿಮೆಯಾದ ಮಿಶ್ರಣ, ತಪ್ಪಿದ ಟೈಮಿಂಗ್, ಕೂರದ ಇನ್‌ಟೇಕ್ ವಾಲ್ವ್ ಅಥವಾ ಸವೆದ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ಶಾಫ್ಟ್) ಕಾರಣವಿರಬಹುದು. ಸೈಲೆನ್ಸರ್‌ನಲ್ಲಿ ಸಿಡಿದರೆ ಉರಿಯದ ಪೆಟ್ರೋಲ್ ಅಲ್ಲಿಯವರೆಗೂ ಹೋಗುತ್ತಿದೆ ಎಂದರ್ಥ. ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಸಿಡಿಯುತ್ತಿದ್ದರೆ ಏರ್ ಪಂಪ್‌ನ ಡೈವರ್ಟರ್ ವಾಲ್ವ್ ಮತ್ತು ಎಕ್ಸಾಸ್ಟ್ ಲೀಕ್ ಮೊದಲು ನೋಡಿ.

ಮೂರರಲ್ಲಿ ಅಗ್ಗವಾದದ್ದು ವ್ಯಾಕ್ಯೂಮ್ ಗೇಜ್. ನಮ್ಮ ಬಳಕೆಯಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದೂ ಅದೇ. ಥ್ರಾಟಲ್‌ಗಿಂತ ಕೆಳಗಿರುವ ಮೇನಿಫೋಲ್ಡ್ ಪೋರ್ಟಿಗೆ ಹಾಕಿ, ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ನೋಡಿ. ಸಮುದ್ರಮಟ್ಟದಲ್ಲಿ ಮುಳ್ಳು 17ರಿಂದ 21 ಇಂಚಿನ (ಪಾದರಸದ ಅಳತೆ) ನಡುವೆ ಅಲುಗಾಡದೆ ನಿಲ್ಲಬೇಕು. ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು 1 ಇಂಚು ಕಳೆಯಿರಿ. ಡೆನ್ವರ್‌ನಲ್ಲಿ 14 ಇಂಚು ಬಂದರೆ ಗಾಬರಿ ಬೇಡ. ಮುಳ್ಳು ಸ್ಥಿರವಾಗಿದ್ದೂ ಕೆಳಗಿದ್ದರೆ ಟೈಮಿಂಗ್ ಹಿಂದಿದೆ (ಕಿಡಿ ತಡವಾಗಿ ಬರುತ್ತಿದೆ) ಅಥವಾ ಎಲ್ಲೋ ಗಾಳಿ ಎಳೆಯುತ್ತಿದೆ. ಲಯಬದ್ಧವಾಗಿ ಆಗಾಗ ಬೀಳುತ್ತಿದ್ದರೆ ಒಂದು ಸಿಲಿಂಡರ್ ಕೈಕೊಟ್ಟಿದೆ. ಆದರೆ ಯಾವ ಸಿಲಿಂಡರ್ ಎಂದು ಗೇಜ್ ಹೇಳದು.

ಟೈಮಿಂಗ್ ಲೈಟ್ (ಪ್ಲಗ್ ವೈರಿನ ಕರೆಂಟಿನೊಂದಿಗೆ ಮಿಂಚುವ ದೀಪ) ಆ ಕೊರತೆಯನ್ನು ಸ್ವಲ್ಪ ತುಂಬಿಕೊಡುತ್ತದೆ. ವ್ಯಾಕ್ಯೂಮ್ ಅಡ್ವಾನ್ಸ್ ಹೋಸ್ ಬಿಚ್ಚಿ, ಅದರ ಬಾಯಿ ಮುಚ್ಚಿ, ಕ್ರ್ಯಾಂಕ್ ಮುಂದಿನ ಬ್ಯಾಲೆನ್ಸರ್ ಚಕ್ರದ ಗುರುತನ್ನು ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿರುವ ಡಿಗ್ರಿಗೆ ಹೋಲಿಸಿ. ಗುರುತು ನಿಲ್ಲದೆ ಓಲಾಡಿದರೆ ಟೈಮಿಂಗ್ ಚೈನ್ ಸಡಿಲ ಅಥವಾ ಡಿಸ್ಟ್ರಿಬ್ಯೂಟರ್ ಬುಶ್ ಸವೆದಿದೆ. ಈ ಎಂಜಿನ್‌ಗಳಲ್ಲಿ ಎಷ್ಟೋ ಕ್ಯಾಮ್ ಗೇರ್‌ಗಳ ಹಲ್ಲು ನೈಲಾನಿನದು, ಹಳತಾದಂತೆ ಮುರಿದು ಉದುರುತ್ತದೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ತಿರುಗಿಸಿ; ಕ್ರ್ಯಾಂಕ್ ತಿರುಗಿದರೂ ರೋಟರ್ ತಡವಾಗಿ ಅಲುಗಿದರೆ ಚೈನ್ ಹೋಗಿದೆ. ಲೈಟಿನ ಕ್ಲಿಪ್ಪನ್ನು ಎಂಟೂ ವೈರಿಗೆ ಒಂದೊಂದಾಗಿ ಹಾಕಿ, ಮಿಂಚು ತಪ್ಪುವ ವೈರ್ ಸಿಕ್ಕೀತು. 5 ಮತ್ತು 7ರ ವೈರುಗಳ ಮೇಲೆ ವಿಶೇಷ ಗಮನವಿರಲಿ. ಫೈರಿಂಗ್ ಆರ್ಡರ್ 1-8-4-3-6-5-7-2. ಈ ಎರಡು ಸಿಲಿಂಡರ್ ಅಕ್ಕಪಕ್ಕದಲ್ಲಿದ್ದು ಒಂದರ ಹಿಂದೊಂದು ಸಿಡಿಯುತ್ತವೆ. ವೈರುಗಳು ತಾಗಿಕೊಂಡೇ ಹೋದರೆ 5ರ ಕರೆಂಟು 7ನ್ನು ಅಕಾಲದಲ್ಲಿ ಉರಿಸುತ್ತದೆ, ಕಾರ್ಬೊರೇಟರ್ ಸಿಡಿಯುತ್ತದೆ. ಅವನ್ನು ಬೇರ್ಪಡಿಸಿ ಕಟ್ಟಿ.

ಲೈಟಿನ ದೌರ್ಬಲ್ಯವೂ ಇದೆ: ಬ್ಯಾಲೆನ್ಸರ್‌ನ ಹೊರ ಉಂಗುರ ರಬ್ಬರಿನ ಮೇಲೆ ಜಾರಿದ್ದರೆ ಗುರುತೇ ಸುಳ್ಳು. ಒಂದನೇ ಸಿಲಿಂಡರಿನ ಪಿಸ್ಟನ್ ಮೇಲ್ತುದಿಯನ್ನು ಪಿಸ್ಟನ್ ಸ್ಟಾಪ್ (ಪ್ಲಗ್ ರಂಧ್ರದಿಂದ ಪಿಸ್ಟನ್ ತಡೆಯುವ ಸಾಧನ) ಹಾಕಿ ಖಚಿತಪಡಿಸಿಕೊಂಡ ಮೇಲೆಯೇ ಲೈಟ್ ನಂಬಿ.

ಕಂಪ್ರೆಶನ್ ಗೇಜ್ ಮೇಲೆ ಜನರಿಗೆ ಅತಿ ವಿಶ್ವಾಸ. ಎಂಟೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಎಚ್‌ಇಐಗೆ ಬರುವ ಬ್ಯಾಟರಿ ವೈರ್ ಕಳಚಿ, ಪ್ರತಿ ಸಿಲಿಂಡರಿಗೂ ಐದು ಪಫ್ (ಐದು ಸಲ ಒತ್ತಡ ಏರುವಷ್ಟು ಸ್ಟಾರ್ಟರ್ ತಿರುವು) ಕೊಡಿ. ಅತಿ ಕಡಿಮೆ ಅಂಕಿ ಅತಿ ಹೆಚ್ಚಿನದರ ಶೇ. 75ಕ್ಕಿಂತ ಕೆಳಗಿಳಿಯಬಾರದು. ಸುಟ್ಟ ವಾಲ್ವ್ ಹಿಡಿಯಲು ಇದು ಒಳ್ಳೆಯದೇ. ಆದರೆ ಈ ಎಂಜಿನ್‌ನ ಹಳೆಯ ರೋಗವಾದ ಸವೆದ ಎಕ್ಸಾಸ್ಟ್ ಕ್ಯಾಮ್ ಲೋಬ್ (ಎಕ್ಸಾಸ್ಟ್ ವಾಲ್ವ್ ತೆರೆಯುವ ಉಬ್ಬು) ಇದರ ಕಣ್ಣಿಗೆ ಬೀಳುವುದಿಲ್ಲ. ಸ್ಟಾರ್ಟರ್ ತಿರುಗಿಸುವಾಗ ಒಳಗೆ ಉರಿ ಇರುವುದಿಲ್ಲ, ಅಂಕಿ ಸರಿಯಾಗಿಯೇ ಬರುತ್ತದೆ. ಎಂಜಿನ್ ಓಡುವಾಗ ಮಾತ್ರ ಉರಿದ ಅನಿಲ ಹೊರಹೋಗಲಾಗದೆ ಒತ್ತಡದಲ್ಲೇ ಉಳಿದು, ಇನ್‌ಟೇಕ್ ವಾಲ್ವ್ ತೆರೆದ ಕ್ಷಣ ಮೇನಿಫೋಲ್ಡಿಗೆ ನುಗ್ಗುತ್ತದೆ.

ಆದ್ದರಿಂದ ವ್ಯಾಕ್ಯೂಮ್ ಮುಳ್ಳು ಲಯವಾಗಿ ಬೀಳುತ್ತಿದ್ದು, ಇಗ್ನಿಷನ್ನೂ ಕಂಪ್ರೆಶನ್ನೂ ಸರಿಯಿದ್ದರೆ ವಾಲ್ವ್ ಕವರ್ ತೆಗೆಯಿರಿ. ರಾಕರ್ (ವಾಲ್ವ್ ಒತ್ತುವ ತೋಳು) ಸಡಿಲಿಸಿ ಪಕ್ಕಕ್ಕೆ ಸರಿಸಿ, ಅದನ್ನು ತಳ್ಳುವ ಪುಶ್‌ರಾಡ್ ತುದಿಗೆ ಡಯಲ್ ಗೇಜ್ ಇಟ್ಟು ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ. ಕಂಪನಿಯ ಸಾಮಾನ್ಯ 350 ಕ್ಯಾಮಿನಲ್ಲಿ ಲೋಬ್ ಲಿಫ್ಟ್ ಇನ್‌ಟೇಕ್‌ಗೆ ಸುಮಾರು 0.260 ಇಂಚು, ಎಕ್ಸಾಸ್ಟ್‌ಗೆ 0.273. ಒಂದೇ ಒಂದು ಲೋಬ್ ಉಳಿದವಕ್ಕಿಂತ ಎದ್ದು ಕಾಣುವಷ್ಟು ಕಡಿಮೆ ಇದ್ದರೆ ಅದೇ ಕಳ್ಳ. ಹೊಸ ಕ್ಯಾಮ್ ಜೊತೆ ಲೋಬ್ ಮೇಲೆ ಕೂರುವ ಹದಿನಾರೂ ಲಿಫ್ಟರ್ ಹೊಸದೇ ಹಾಕಿ, ಜಿಂಕ್ ಹೆಚ್ಚಿರುವ ಆಯಿಲ್ ತುಂಬಿ, ಸ್ಟಾರ್ಟ್ ಆದೊಡನೆ ಐಡಲ್‌ಗೆ ಬಿಡದೆ ಮೊದಲ 20 ನಿಮಿಷ 2000 ಆರ್‌ಪಿಎಂಗಿಂತ ಮೇಲೆ ಓಡಿಸಿ.