ಬಿಜಿ-11 ಸಿದ್ಧ ಪುಡಿ: ಬಿಸಿನೀರ ಸಯನೋಬ್ಯಾಕ್ಟೀರಿಯಾಕ್ಕೆ ಸಾಕೇ?

ಬಿಜಿ-11 ಎಂದರೆ ಸಯನೋಬ್ಯಾಕ್ಟೀರಿಯಾ (ಬೆಳಕಿನಿಂದ ಆಹಾರ ತಯಾರಿಸುವ ಬ್ಯಾಕ್ಟೀರಿಯಾ) ಬೆಳೆಸಲು ನೀರಿಗೆ ಬೆರೆಸುವ ಪೋಷಕಾಂಶಗಳ ಮಿಶ್ರಣ. ಜಪಾನಿನ ಬೆಪ್ಪು ಬಿಸಿನೀರ ಬುಗ್ಗೆಯ ಥರ್ಮೋಸಿನೆಕೊಕಾಕಸ್‌ಗೆ ಧಾರಾಳ ಸಾಕು. 55 ಡಿಗ್ರಿಯಲ್ಲಿ ಆ ಒಂಟಿಕೋಶದ ಕಡ್ಡಿಗಳು ದ್ರಾವಣವನ್ನೆಲ್ಲ ಸಮನಾಗಿ ಹಸಿರಾಗಿಸುತ್ತವೆ. ಇನ್ನೊಂದು ಬಿಸಿನೀರ ಸಯನೋಬ್ಯಾಕ್ಟೀರಿಯಾ ಮಾಸ್ಟಿಗೊಕ್ಲಾಡಸ್ ಹಾಗಲ್ಲ: ಕವಲೊಡೆದ ಎಳೆಗಳು ಹೆಣೆದುಕೊಂಡು ಗಾಜಿಗೆ ಅಂಟುತ್ತವೆ, ಪಿಪೆಟ್ಟಿಗೆ ಸಿಗುವುದೇ ಕಷ್ಟ. ಅದರ ಹೆಟೆರೊಸಿಸ್ಟ್ (ಗಾಳಿಯ ಸಾರಜನಕವನ್ನು ಹಿಡಿದು ಬಳಸುವ ವಿಶೇಷ ಕೋಶ) ನೋಡಬೇಕೆಂದರೆ ಈ ಪುಡಿ ದಂಡ, ಲೀಟರಿಗೆ 1.5 ಗ್ರಾಂ ಸೋಡಿಯಂ ನೈಟ್ರೇಟ್ ಸಿಗುವಾಗ ಗಾಳಿಯ ಸಾರಜನಕದ ಗೋಜಿಗೆ ಅದು ಸಾಮಾನ್ಯವಾಗಿ ಹೋಗದು. ನೈಟ್ರೇಟ್ ಇಲ್ಲದ್ದನ್ನೇ ಕೊಳ್ಳಿ.

ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೋಂಕುಮುಕ್ತಗೊಳಿಸುವುದು) ಆದಮೇಲೆ ತಳದಲ್ಲಿ ಬಿಳಿ ಗಷ್ಟು ಕಂಡರೆ ಗಾಬರಿ ಬೇಡ, ಅದು ಹೆಚ್ಚಾಗಿ ಕ್ಯಾಲ್ಸಿಯಂ ಫಾಸ್ಫೇಟ್. ಎಲ್ಲವನ್ನೂ ಒಂದೇ ಪುಡಿಯಲ್ಲಿ ಬೆರೆಸಿರುವುದರಿಂದ ಫಾಸ್ಫೇಟನ್ನು ಬೇರೆಯಾಗಿ ಸೋಂಕುಮುಕ್ತಗೊಳಿಸಿ ತಣಿದಮೇಲೆ ಸೇರಿಸುವ ದಾರಿಯೇ ಇಲ್ಲ. ಇದೇ ದೊಡ್ಡ ಕೊರತೆ. ಅಗರ್ (ದ್ರಾವಣವನ್ನು ಗಟ್ಟಿಯಾಗಿಸುವ ಜೆಲ್ಲಿ) ತಟ್ಟೆಗಳು 55 ಡಿಗ್ರಿಯಲ್ಲಿ ಒಣಗಿ ಬಿರಿಯುತ್ತವೆ, ತಟ್ಟೆಯ ಅಂಚಿಗೆ ಸುತ್ತುವ ಪ್ಯಾರಾಫಿಲ್ಮ್ ಹಾಳೆ ಈ ಶಾಖಕ್ಕೆ ಮೆತ್ತಗಾಗುತ್ತದೆ. ತಟ್ಟೆಗೆ ದಪ್ಪಗೆ ಸುರಿದು, ಪಕ್ಕದಲ್ಲಿ ನೀರಿನ ಬಟ್ಟಲಿಡಿ.